ಕೊನೆಯ ಸಾಲಿನಿಂದ ಓದುತ್ತಿದ್ದ ಮಾವ

ಅವರ ಬಲಗೈ ಹೆಬ್ಬೆರಳು ನೇರಳೆ ಬಣ್ಣದ್ದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಇಂಕ್ ಪ್ಯಾಡಿನಿಂದ ಬಂದದ್ದು. ಸಹಿ ಹಾಕಲು ಬಾರದ ಪಂಚಾಯ್ತಿ ಮೆಂಬರುಗಳ ಹೆಬ್ಬೆಟ್ಟು ಹಿಡಿದು, ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಹೊರಳಿಸುವಾಗ ಮಸಿ ಅವರ ಬೆರಳಿಗೂ ಹತ್ತುತ್ತಿತ್ತು. ಮೂವತ್ತು ವರ್ಷ ಹೀಗೆ ಹತ್ತಿದ ಮಸಿ ಉಗುರಿನ ಬುಡದಲ್ಲಿ, ಚರ್ಮದ ಗೆರೆಗಳಲ್ಲಿ ಕೂತುಬಿಟ್ಟಿತ್ತು. ಸೀಮೆಎಣ್ಣೆ, ನಿಂಬೆಹೋಳು, ಬಟ್ಟೆ ಸೋಪು ಎಲ್ಲ ಆಯಿತು, ಹೋಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಅವರು ಊಟಕ್ಕೆ ಕೂತಾಗ ಬಿಳಿ ಅನ್ನದ ಮೇಲೆ ಆ ಬೆರಳು ಕಂಡರೆ ನನಗೆ ಮೈ ಜುಂ ಅನ್ನುತ್ತಿತ್ತು. ಯಾರದೋ ಸತ್ತವರ ಬೆರಳನ್ನು ತಂದು ಇವರ ಕೈಗೆ ಜೋಡಿಸಿದ ಹಾಗೆ ಕಾಣುತ್ತಿತ್ತು.

ಅವರು ನಮ್ಮ ಗ್ರಾಮ ಪಂಚಾಯ್ತಿಯ ಅಟೆಂಡರು. ಕೇರಿಯಲ್ಲಿ ನಮ್ಮ ಮನೆಯ ಹಿಂದಿನ ಗೋಡೆ, ಅವರ ಮನೆಯ ಹಿಂದಿನ ಗೋಡೆ ಒಂದೇ. ರಕ್ತಸಂಬಂಧ ಇರಲಿಲ್ಲ. ಆದರೂ ಅವ್ವನಿಗೆ ಅವರು ಅಣ್ಣ, ನನಗೆ ಮಾವ. ಊರಿಗೆಲ್ಲ ನೋಟೀಸು ಮಾವ. ಜಗಳೂರಿನಿಂದ ಒಂದು ತಾಸು ಬಸ್ಸಿನಲ್ಲಿ ಬಂದರೆ ನಮ್ಮೂರು. ಮೆಕ್ಕೆಜೋಳ, ಶೇಂಗಾ, ಕುರಿ ಹಿಂಡು, ಅಷ್ಟು ಬಿಟ್ಟರೆ ಬಯಲು. ಆ ಬಯಲಿನಲ್ಲಿ ದೂರದಿಂದಲೇ ಮಾವನ ಮೊಪೆಡ್ಡು ಧೂಳೆಬ್ಬಿಸಿಕೊಂಡು ಬರುವುದು ಕಾಣುತ್ತಿತ್ತು. ಕಂಡ ಕೂಡಲೇ ಜನ ಮನೆಯೊಳಗೆ ಹೋಗುತ್ತಿದ್ದರು.

ಯಾಕೆಂದರೆ ಮಾವ ಬಂದರೆ ಏನೋ ಕೆಟ್ಟದ್ದು ಬಂತು ಅಂತಲೇ ಲೆಕ್ಕ. ನಲ್ಲಿ ಕೀಳುವ ನೋಟೀಸು, ಜಗಲಿ ಒಡೆಯುವ ನೋಟೀಸು ಎಲ್ಲ ಅವರ ಚೀಲದಿಂದಲೇ ಬಂದಿದ್ದವು. ನನಗೆ ಶಕುನಗಳಲ್ಲಿ ನಂಬಿಕೆ ಇಲ್ಲ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬಂದವಳು ನಾನು. ನಂಬಿಕೆ ಅಂತ ಯಾರಾದರೂ ಬಾಯಿ ತೆರೆದರೆ ಪುರಾವೆ ಎಲ್ಲಿ ಅಂತ ಕೇಳುವ ಚಾಳಿ. ಇದಕ್ಕೂ ನನ್ನ ಹತ್ತಿರ ವಿವರಣೆ ಇತ್ತು: ಒಳ್ಳೆಯ ಸುದ್ದಿಗೆ ಪಂಚಾಯ್ತಿಯವರು ಮೈಕು ಕಟ್ಟಿದ ಆಟೋ ಕಳಿಸುತ್ತಾರೆ, ಕೆಟ್ಟ ಸುದ್ದಿಗೆ ಮಾವನನ್ನು ಕಳಿಸುತ್ತಾರೆ. ಹಾಗಾಗಿ ಮಾವ ಅಪಶಕುನ ಅಲ್ಲ, ಬರೀ ಟಪಾಲು. ಇದನ್ನು ನಾನು ಅವರಿಗೇ ಹೇಳಿದ್ದೆ. ಅವರು ಮೊಪೆಡ್ಡಿನ ಸೀಟು ಒರೆಸುತ್ತಾ, "ಟಪಾಲಿನವನಿಗೆ ಒಳಗೇನೈತೆ ಗೊತ್ತಿರಲ್ಲ ಲಾಯರಮ್ಮ. ನಂಗೆ ಗೊತ್ತಿರ್ತೈತೆ. ಅದಕ್ಕೇ ಜನ ನನ್ನ ಮುಖ ನೋಡ್ತಾರೆ" ಅಂದಿದ್ದರು. ಲಾಯರಮ್ಮ ಅನ್ನುವುದು ಅವರು ನನಗೆ ಇಟ್ಟ ಹೆಸರು. ನಾನಿನ್ನೂ ಜಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ.

ಮಾವನ ಮುಖ್ಯ ಕೆಲಸ ನೋಟೀಸಲ್ಲ, ಅಜೆಂಡಾ. ಪಂಚಾಯ್ತಿ ಸಭೆಗೆ ಏಳು ದಿನ ಮೊದಲು, ಆ ಸಭೆಯಲ್ಲಿ ಏನೇನು ತೀರ್ಮಾನಕ್ಕೆ ಬರುತ್ತದೆ ಅನ್ನುವ ಪಟ್ಟಿಯನ್ನು ನಾಲ್ಕು ಊರಿನ ಹನ್ನೆರಡು ಮೆಂಬರುಗಳ ಕೈಗೆ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ಉದ್ದನೆಯ ಒಂದು ಪುಸ್ತಕದಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಬೇಕು. ಮಾವ ಅದನ್ನು ಮುಟ್ಟಿದ ಬುಕ್ಕು ಅನ್ನುತ್ತಿದ್ದರು. ಪ್ರತಿ ಸಲವೂ ಹೊಸ ಪುಟದ ಮೇಲ್ಗಡೆ ಏನು ಮುಟ್ಟಿತು ಅನ್ನುವುದನ್ನು ತಾವೇ ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಏಳನೇ ಕ್ಲಾಸಿನವರೆಗೆ ಓದಿದ್ದವರು. ಆದರೆ ಆ ಬುಕ್ಕಿನಲ್ಲಿ ಒಂದು ಅಕ್ಷರವನ್ನೂ ಹೊಡೆದು ತಿದ್ದಿದ್ದನ್ನು ನಾನು ನೋಡಿಲ್ಲ.

ನಮ್ಮವ್ವ ಮೀಸಲು ಸೀಟಿನಿಂದ ಮೆಂಬರಾದವಳು. ಅವಳದ್ದು ಹೆಬ್ಬೆಟ್ಟು. ಹಾಗಾಗಿ ತಿಂಗಳಿಗೊಮ್ಮೆ ಮಾವ ಹಿಂದಿನ ಗೋಡೆ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೆ ಬರುತ್ತಿದ್ದರು. ಹಿತ್ತಲಿಂದಲೇ ಕೂಗಬಹುದಿತ್ತು. ಕೂಗುತ್ತಿರಲಿಲ್ಲ. ಅಜೆಂಡಾ ತಂದ ದಿನ ಅವರು ಮಾವ ಅಲ್ಲ, ಪಂಚಾಯ್ತಿ. ನೀರು ಕುಡಿಯುತ್ತಿದ್ದರು, ಟೀ ಕುಡಿಯುತ್ತಿರಲಿಲ್ಲ. ಕಾಗದ ಬಿಚ್ಚಿ, ಕನ್ನಡಕ ಏರಿಸಿ, ಎಲ್ಲರೂ ಶುರು ಮಾಡುವ ಕಡೆಯಿಂದ ಶುರು ಮಾಡದೆ, ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು.

"ಹತ್ತನೇದು. ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು. ಒಂಬತ್ತನೇದು..."

"ಮೊದಲಿಂದ ಓದಣ್ಣ," ಅವ್ವ ನಗುತ್ತಿದ್ದಳು. "ಊಟಕ್ಕೆ ಕೂತು ಯಾರಾದ್ರೂ ಮಜ್ಜಿಗೆಯಿಂದ ಶುರು ಮಾಡ್ತಾರೇನು?"

"ವಿಷ ಹಾಕೋರು ಮಜ್ಜಿಗ್ಯಾಗೇ ಹಾಕಿರ್ತಾರೆ ತಂಗೆವ್ವ."

ಅವ್ವನ ನಗು ಅಲ್ಲಿಗೆ ನಿಲ್ಲುತ್ತಿತ್ತು. ಮಾವನ ವಾದ ಇಷ್ಟೇ. ಸಭೆಯ ಮೊದಲ ವಿಷಯ ಯಾವಾಗಲೂ ಹಿಂದಿನ ಸಭೆಯ ನಡಾವಳಿ ಓದುವುದು. ಎರಡನೆಯದು ಬೀದಿ ದೀಪ. ಮೂರನೆಯದು ಚರಂಡಿ. ಅಲ್ಲಿಗೆ ಮೆಂಬರುಗಳಿಗೆ ಜಗಳ ಆಡಿ ಸುಸ್ತಾಗಿರುತ್ತದೆ, ಟೀ ಬಂದಿರುತ್ತದೆ, ದೂರದ ಊರಿನವರು ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ. ಆಮೇಲೆ ಬರುವುದೇ ನಿಜವಾದದ್ದು. "ಮೂವತ್ತು ವರ್ಷದಾಗೆ ಮೊದಲನೇ ವಿಷಯದಿಂದ ಯಾರೂ ಮನೆ ಕಳಕೊಂಡಿಲ್ಲ" ಅನ್ನುತ್ತಿದ್ದರು.

ಒಮ್ಮೆ ಹೊನ್ನಾಳಿಯ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ ಇತ್ತು. ಕಾಲೇಜಿನವರು ಕಳಿಸಿದ್ದ ಕಾಗದ ಹಿಡಿದು ನಾನು ಜಗಲಿಯ ಮೇಲೆ ಕೂತಿದ್ದೆ. ತಲೆಬರಹ ಅಜೆಂಡಾ ಅಂತ. ಕೆಳಗೆ ಹತ್ತು ಗಂಟೆಗೆ ಹೆಸರು ನೋಂದಣಿ, ಹತ್ತೂವರೆಗೆ ಉದ್ಘಾಟನೆ, ಒಂದಕ್ಕೆ ಊಟ. ಮಾವ ಬಗ್ಗಿ ನೋಡಿದರು.

"ಇದು ಅಜೆಂಡಾ ಅಲ್ಲವಲ್ಲ. ಇದು ಶೆಡ್ಯೂಲು."

"ಎರಡೂ ಒಂದೇ ಮಾವ. ಏನೇನು ನಡೀತೈತೆ ಅನ್ನೋ ಪಟ್ಟಿ ತಾನೆ?"

"ಒಂದೇನಾ?" ಅವರು ಜಗಲಿಯ ತುದಿಗೆ ಕೂತರು. "ನಮ್ಮ ಹುಡುಗೀನ ನ್ಯಾಮತಿಗೆ ಕೊಟ್ಟಾಗ ಲಗ್ನಪತ್ರಿಕೆ ಹೊಡಿಸಿದ್ವಲ್ಲ, ಅದ್ರಾಗೆ ಏನಿತ್ತು? ಇಷ್ಟು ಗಂಟೆಗೆ ದೇವರ ಕಾರ್ಯ... ನಮ್ಮದ್ರಾಗೆ ಬುದ್ಧವಂದನೆ ಅಂತಿತ್ತು, ಇರ್ಲಿ. ಇಷ್ಟು ಗಂಟೆಗೆ ಮುಹೂರ್ತ, ಇಷ್ಟಕ್ಕೆ ಊಟ. ಅದು ಶೆಡ್ಯೂಲು. ಅದಕ್ಕಿಂತ ಮೊದಲು ಎರಡೂ ಕಡೆ ಹಿರೇರು ಕೂತು ಮಾತಾಡಿದ್ರು. ಹುಡುಗ ಕುಡೀತಾನೋ, ಹುಡುಗಿ ಓದು ಮುಂದುವರಿಸಬೋದೋ, ಯಾರ ಮನ್ಯಾಗೆ ಇರೋದು. ಅದು ಅಜೆಂಡಾ. ಲಗ್ನಪತ್ರಿಕೆ ನೋಡಿ ಹುಡುಗಿ ಒಪ್ಪಿದಾಳೋ ಇಲ್ಲೋ ಹೇಳಾಕೆ ಆಗ್ತೈತೇನು?"

ನಾನು ಬಿಡುವವಳಲ್ಲ. "ಪದಕ್ಕೆ ಅರ್ಥ ಕೊಡೋರು ಬಳಸೋ ಜನ. ಎಲ್ಲರೂ ಶೆಡ್ಯೂಲನ್ನೇ ಅಜೆಂಡಾ ಅಂದ್ರೆ ಅದು ಅಜೆಂಡಾನೇ. ಅದಲ್ಲ ಅಂತ ನೀನು ಒಬ್ಬನೇ ಅಂದ್ರೆ ಆಗಲ್ಲ."

"ಅಂದ್ಕಳ್ಳಿ ಬಿಡವ್ವ. ಹೆಸ್ರು ಏನಾದ್ರೂ ಇರ್ಲಿ. ಕಾಗದ ಕೈಗೆ ಬಂತು ಅಂದ್ರೆ ಒಳಗೆ ಗಂಟೆ ಐತೋ ಕೆಲಸ ಐತೋ ನೋಡು. ಗಂಟೆ ಇದ್ರೆ ಹೋಗಿ ಕೂತ್ಕೊಂಡ್ರೆ ಸಾಕು. ಕೆಲಸ ಇದ್ರೆ ಬಾಯಿ ಬಿಡಾಕೆ ತಯಾರಾಗಿ ಹೋಗಬೇಕು."

ವಾದದಲ್ಲಿ ನಾನು ಗೆದ್ದೆ ಅಂದುಕೊಂಡೆ. ಮಾವ ಗೆಲ್ಲುವುದಕ್ಕೆ ಮಾತಾಡಿರಲಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ.

ಮಾವನ ಹೆಂಡತಿಯನ್ನು ನಾನು ನೋಡಿದ ನೆನಪು ಮಬ್ಬು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಕೇರಿಯ ಪೂರ್ವಕ್ಕೆ, ಕುರಿಗಳು ಹಾಯುವ ದಾರಿಯ ಪಕ್ಕ ನಮ್ಮವರನ್ನು ಮಣ್ಣು ಮಾಡುವ ಜಾಗ. ನನ್ನ ಅಜ್ಜ, ಅಜ್ಜಿ, ಹುಟ್ಟಿದ ದಿನವೇ ಹೋದ ನನ್ನ ಅಣ್ಣ ಎಲ್ಲರೂ ಅಲ್ಲೇ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಮಾವ ಬಿಳಿ ಅಂಗಿ ಹಾಕಿಕೊಂಡು ಒಂದು ಕೊಡ ನೀರು ಹೊತ್ತು ಹೋಗಿ ಹೆಂಡತಿಯ ತಲೆಯ ಕಡೆ ನೆಟ್ಟ ಬೇವಿನ ಗಿಡಕ್ಕೆ ಹಾಕಿ ಬರುತ್ತಿದ್ದರು. ಅದು ನನ್ನ ಜೊತೆಗೇ ಬೆಳೆದು ಮರವಾಯಿತು. ಅದರ ಈಚೆ ಒಬ್ಬ ಮನುಷ್ಯ ಮಲಗುವಷ್ಟು ಜಾಗಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಲ್ಲು ಹುಗಿದಿದ್ದರು. ಗುಂಡಿ ತೋಡುವ ಹುಡುಗರಿಗೆ ಎಚ್ಚರಿಕೆ: "ಇಲ್ಲಿ ಯಾರನ್ನೂ ಹಾಕಂಗಿಲ್ಲ. ರಿಸರ್ವ್ ಸೀಟು."

ನಾಲ್ಕು ಕಲ್ಲಿನ ಆ ಜಾಗ ಬಿಟ್ಟರೆ ಮಾವ ಈ ಊರಿನಿಂದ ತಮಗಾಗಿ ಏನನ್ನೂ ಕೇಳಿದ್ದು ನಾನು ಕೇಳಿಲ್ಲ.

ಮೂರು ವರ್ಷದ ಹಿಂದೆ, ಬೇಸಿಗೆ ಇನ್ನೂ ಶುರುವಾಗಿರಲಿಲ್ಲ. ಒಂದು ಹುಣ್ಣಿಮೆಯ ಬೆಳಿಗ್ಗೆ ಮಾವ ಖಾಲಿ ಕೊಡ ಹಿಡಿದು ವಾಪಸು ಬಂದವರು ತಮ್ಮ ಮನೆಗೆ ಹೋಗದೆ ನೇರ ನಮ್ಮ ಮನೆಗೆ ಬಂದರು. ಬಿಳಿ ಅಂಗಿಯ ತೋಳಿಗೆ ಇನ್ನಷ್ಟು ಬಿಳಿಯದೇನೋ ಮೆತ್ತಿತ್ತು.

"ಸುಣ್ಣ," ಅಂದರು. "ಅಲ್ಲೆಲ್ಲ ಸುಣ್ಣದ ಗೆರೆ ಎಳೆದಾರೆ. ನಮ್ಮಾಕಿ ಗೋರಿ ಕಲ್ಲಿನ ಮ್ಯಾಲೂ ಹಾಯಿಸಿ ಎಳೆದಾರೆ."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಯಾರು ಎಳೆದರು ಅಂತ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುರಿ ಕಾಯುವವನೊಬ್ಬ ಮಾತ್ರ, ಹಿಂದಿನ ದಿನ ಜೀಪಿನಲ್ಲಿ ಇಬ್ಬರು ಬಂದು ಟೇಪು ಹಿಡಿದರು, ಹೆಸರು ಕೇಳಿದರೆ ಹೇಳಲಿಲ್ಲ ಅಂದ. ಮಾವ ಪಂಚಾಯ್ತಿಯಲ್ಲಿ ಕೇಳಿದರು. ನಮಗೇನೂ ಗೊತ್ತಿಲ್ಲ, ಮೇಲಿನವರ ಅಳತೆ ಅಂದರು. ಅವತ್ತಿನಿಂದ ಮಾವ ಬೆಳಿಗ್ಗೆ ಸಂಜೆ ಆ ಗೆರೆ ನೋಡಿ ಬರಲು ಶುರು ಮಾಡಿದರು. ಗಾಳಿಗೆ, ಕುರಿಯ ಕಾಲಿಗೆ ಅದು ಅಳಿಸುತ್ತಾ ಬಂತು. ಪೂರ್ತಿ ಅಳಿಸಿಹೋದ ವಾರ ಆ ಕಾಗದ ಬಂತು.

ಅಷ್ಟು ಚೆಂದದ ಕಾಗದ ನಮ್ಮ ಪಂಚಾಯ್ತಿಯಿಂದ ಹಿಂದೆಂದೂ ಬಂದಿರಲಿಲ್ಲ. ಹಸಿರು ಮತ್ತು ಕೆಂಪು, ಎರಡು ಬಣ್ಣದ ಅಚ್ಚು, ಮೂಲೆಯಲ್ಲಿ ಎಲೆಯ ಚಿತ್ರ. ಸ್ವಚ್ಛತಾ ದಿನಾಚರಣೆ ಹಾಗೂ ಸಾಮಾನ್ಯ ಸಭೆ ಅಂತ ಮೇಲೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಅಜೆಂಡಾ. ಮಾವ ಕನ್ನಡಕ ಏರಿಸಿ, ಎಂದಿನಂತೆ ಕೆಳಗಿನಿಂದ ಓದಿದರು.

"ಹನ್ನೆರಡೂವರೆ, ಊಟ. ಹನ್ನೆರಡು, ಗಿಡ ನೆಡುವುದು. ಹನ್ನೊಂದೂಕಾಲು, ಸಾಮಾನ್ಯ ಸಭೆ. ಹನ್ನೊಂದು, ಸ್ವಚ್ಛತೆಯ ಪ್ರತಿಜ್ಞೆ. ಹತ್ತೂಮುಕ್ಕಾಲು, ಸ್ವಾಗತ. ಹತ್ತೂವರೆ, ನಾಡಗೀತೆ."

ಓದಿ ಮುಗಿಸಿ ಕಾಗದ ತಿರುಗಿಸಿ ಹಿಂಬದಿ ನೋಡಿದರು. ಖಾಲಿ. ಬೆಳಕಿಗೆ ಹಿಡಿದು ನೋಡಿದರು.

"ಇದ್ರಾಗೆ ಕೆಲಸ ಇಲ್ಲ," ಅಂದರು. ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ. "ಸಾಮಾನ್ಯ ಸಭೆ ಅಂತೈತೆ. ಸಭ್ಯಾಗೆ ಏನು ಅಂತ ಇಲ್ಲ. ಮೂವತ್ತು ವರ್ಷದಾಗೆ ಇಂಥದ್ದು ನಾನು ಹಂಚಿಲ್ಲ. ಲಾಯರಮ್ಮ, ಒಂದು ಅರ್ಜಿ ಬರಿ. ಇದು ಬರೀ ಶೆಡ್ಯೂಲು, ಅಜೆಂಡಾ ಕೊಡ್ರಿ ಅಂತ. ನಿಮ್ಮವ್ವ ಹೆಬ್ಬೆಟ್ಟು ಒತ್ತಲಿ. ಮೆಂಬರು ಕೇಳಿದ್ರೆ ಕೊಡ್ಲೇಬೇಕು."

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ನಾನು ನಕ್ಕೆ. ಮರುವಾರ ಚನ್ನಗಿರಿಯಲ್ಲಿ ಸ್ಪರ್ಧೆ ಇತ್ತು, ತಲೆಯಲ್ಲಿ ಅದೇ ತುಂಬಿತ್ತು. ಮಾವ, ಇದು ನಮಗೇ ಅನುಕೂಲ ಅಂದೆ. ವಿಷಯ ಮೊದಲೇ ತಿಳಿಸದೆ ತೀರ್ಮಾನ ಮಾಡುವಂತಿಲ್ಲ. ಇದರಲ್ಲಿ ವಿಷಯವೇ ಇಲ್ಲ. ಅಂದಮೇಲೆ ಅವತ್ತು ಅವರು ಏನನ್ನೂ ತೀರ್ಮಾನ ಮಾಡಲು ಬರುವುದಿಲ್ಲ. ತಮ್ಮ ಕೈ ತಾವೇ ಕಟ್ಟಿಕೊಂಡಿದ್ದಾರೆ. ಈಗ ಅರ್ಜಿ ಕೊಟ್ಟರೆ ಅವರಿಗೆ ಅಜೆಂಡಾ ಬರೆಯಲು ನಾವೇ ನೆನಪು ಮಾಡಿಕೊಟ್ಟ ಹಾಗೆ. ಸುಮ್ಮನಿದ್ದರೆ ಬಚಾವು. ಒಂದು, ಎರಡು, ಮೂರು ಅಂತ ಬೆರಳು ಮಡಚಿ ಹೇಳಿದೆ. ತೀರ್ಪುಗಾರರ ಮುಂದೆ ಹೇಳುವ ಹಾಗೆ.

ಮಾವ ಕಾಗದವನ್ನು ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಓದಿದರು. ಆಮೇಲೆ ಮುಟ್ಟಿದ ಬುಕ್ಕು ಬಿಚ್ಚಿ ಹೊಸ ಪುಟ ತೆಗೆದರು.

"ಆತು. ಇಲ್ಲಿ ಮ್ಯಾಲೆ ಏನು ಬರೀಲಿ? ಅಜೆಂಡಾ ಮುಟ್ಟಿದೆ ಅಂತ ಬರಿಯಾಕೆ ಕೈ ಬರ್ತಿಲ್ಲ. ವೇಳಾಪಟ್ಟಿ ಮುಟ್ಟಿದೆ ಅಂತ ಬರೀಲೇನು?"

"ಕಾಗದದ ಮೇಲೆ ಅಜೆಂಡಾ ಅಂತ ಅಚ್ಚಾಗೈತೆ. ನೀನು ಬೇರೆ ಬರೆದ್ರೆ ಅಟೆಂಡರು ಸುಳ್ಳು ಬರೆದ ಅಂತ ನಿನ್ನ ಮೇಲೇ ಬರ್ತಾರೆ. ಅಜೆಂಡಾ ಅಂತಲೇ ಬರಿ ಮಾವ. ಎರಡೂ ಒಂದೇ ಅಂತ ಅವತ್ತೇ ಹೇಳಿದ್ನಲ್ಲ."

"ನೀನು ಓದಿದಾಕಿ," ಅಂದರು ಮಾವ. ಆ ಮಾತಿನಲ್ಲಿ ಚೂರೂ ಚುಚ್ಚು ಇರಲಿಲ್ಲ. ಇದ್ದಿದ್ದರೆ ಇವತ್ತು ನನಗೆ ಸುಲಭವಾಗುತ್ತಿತ್ತು. ಗುಂಡಗೆ ಬರೆದರು: ಅಜೆಂಡಾ ಮುಟ್ಟಿದೆ. ಅವ್ವನ ಹೆಬ್ಬೆರಳು ಹಿಡಿದು ಪ್ಯಾಡಿಗೆ ಒತ್ತಿ, ಎಡದಿಂದ ಬಲಕ್ಕೆ ಹೊರಳಿಸಿದರು. ಉಳಿದ ಹನ್ನೊಂದು ಮನೆಗೆ ಹೊರಟರು.

ಸಭೆಯ ದಿನ ನಾನು ಚನ್ನಗಿರಿಯಲ್ಲಿದ್ದೆ. ಚರ್ಚೆಯ ವಿಷಯ ಏನಿತ್ತು ಅಂತ ಈಗ ನೆನಪಿಲ್ಲ. ಗೆದ್ದೆ. ಸಂಜೆ ಕಪ್ಪು ಹಿಡಿದು ಊರಿಗೆ ಬಂದಾಗ ಅವ್ವ ಪಂಚಾಯ್ತಿಯಲ್ಲಿ ಕೊಟ್ಟ ಹಸಿರು ಟೋಪಿ ಮಡಿಲಲ್ಲಿಟ್ಟುಕೊಂಡು ಖುಷಿಯಲ್ಲೇ ಇದ್ದಳು. ಸಭೆಯಲ್ಲಿ ಏನಾಯಿತು ಅಂದೆ. ಪ್ರತಿಜ್ಞೆ ಮಾಡಿಸಿದರು, ಫೋಟೋ ತೆಗೆದರು, ಆಮೇಲೆ ಏನೋ ಓದಿದರು, ಚಪ್ಪಾಳೆ ಹೊಡೆದರು, ಗಿಡ ನೆಟ್ಟೆವು, ಊಟ ಮಾಡಿದೆವು ಅಂದಳು.

"ಏನು ಓದಿದ್ರು?"

"ಕಸದ್ದು. ನಾಲ್ಕೂರಿನ ಕಸ ಒಂದೇ ಕಡೆ ಹಾಕಾಕೆ ಶೆಡ್ಡು ಕಟ್ತಾರಂತೆ. ಒಳ್ಳೇದೇ ಅಲ್ವ? ಎಲ್ಲಾರೂ ಚಪ್ಪಾಳೆ ಹೊಡೆದ್ರು, ನಾನೂ ಹೊಡ್ದೆ."

"ಎಲ್ಲಿ ಕಟ್ತಾರಂತೆ?"

"ಅದೇನೋ ಸರ್ವೆ ನಂಬರು ಓದಿದ್ರು."

ಹಿಂದಿನ ಗೋಡೆಯ ಆಚೆ ಕೊಡ ಬಿದ್ದ ಸದ್ದಾಯಿತು. ಮಾವ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಸರಿಯಾಗಿ ಹನ್ನೊಂದೂಕಾಲಿಗೆ ಅವರನ್ನು ಗಿಡ ತರಲು ನರ್ಸರಿಗೆ ಕಳಿಸಿದ್ದರಂತೆ. ಗಿಡಗಳನ್ನು ಬೆಳಿಗ್ಗೆಯೇ ತರಿಸಬಹುದಿತ್ತು.

ನಮ್ಮವರನ್ನು ಮಣ್ಣು ಮಾಡುವ ಜಾಗಕ್ಕೆ ಒಂದು ಸರ್ವೆ ನಂಬರು ಇದೆ ಅಂತ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಾವು ಬೇವಿನ ಮರದ ಜಾಗ ಅನ್ನುತ್ತಿದ್ದೆವು. ದಾಖಲೆ ತೆಗೆಸಿದರೆ ಸಭೆಯಲ್ಲಿ ಓದಿದ ನಂಬರು ಆ ಜಾಗದ್ದೇ. ಅದರಲ್ಲಿ ಸ್ಮಶಾನ ಅಂತ ಇರಲಿಲ್ಲ, ಸರ್ಕಾರಿ ಖರಾಬು, ಅಂದರೆ ಸಾಗುವಳಿಗೆ ಬಾರದ ಪಾಳು ನೆಲ, ಅಂತ ಇತ್ತು. ಅಲ್ಲಿ ಮಲಗಿದವರು ಯಾರೂ ಕಾಗದ ಮಾಡಿಸಿರಲಿಲ್ಲ.

ಮೇಲಿನ ಕಚೇರಿಗೆ ತಕರಾರು ಅರ್ಜಿ ಹಾಕಿದೆವು. ಕೇರಿಯ ಪರವಾಗಿ ಮಾತಾಡಿದವಳು ನಾನೇ. ವಿಷಯ ತಿಳಿಸದೆ ಮಾಡಿದ ತೀರ್ಮಾನ ಊರ್ಜಿತವಲ್ಲ ಅಂದೆ. ನನ್ನ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅಧಿಕಾರಿ ಕೆಟ್ಟವರಲ್ಲ, ತಾಳ್ಮೆಯಿಂದಲೇ ಕೇಳಿದರು. ಆಮೇಲೆ ಪಂಚಾಯ್ತಿಯಿಂದ ತರಿಸಿದ್ದ ಕಡತ ಬಿಚ್ಚಿದರು. ಅದರಲ್ಲಿ ಬಿಳಿ ಹಾಳೆಯ ಮೇಲೆ ಟೈಪು ಮಾಡಿದ, ನಾವು ಯಾರೂ ನೋಡಿರದ ಒಂದು ಅಜೆಂಡಾ ಇತ್ತು. ನಾಲ್ಕನೇ ವಿಷಯ ಕಸದ ಶೆಡ್ಡು, ಸರ್ವೆ ನಂಬರಿನ ಸಮೇತ. ಎರಡು ಬಣ್ಣದ ಕಾಗದ ಬಂದ ದಿನದ್ದೇ ತಾರೀಕು.

"ಇದು ನಮಗೆ ಕೊಟ್ಟಿಲ್ಲ ಸರ್," ಅಂದೆ.

ಅವರು ಉದ್ದನೆಯ ಪುಸ್ತಕ ನನ್ನ ಕಡೆ ತಿರುಗಿಸಿದರು. ಅಜೆಂಡಾ ಮುಟ್ಟಿದೆ. ಅದರ ಕೆಳಗೆ ಹತ್ತು ಸಹಿ, ಎರಡು ಹೆಬ್ಬೆಟ್ಟು.

"ಈ ಬರಹ ಯಾರದು?"

ಮಾವ ಬಾಗಿಲ ಹತ್ತಿರ ನಿಂತಿದ್ದರು. "ನಂದೇ ಸ್ವಾಮಿ," ಅಂದರು.

"ನೀವೇ ಖುದ್ದಾಗಿ ಮುಟ್ಟಿಸಿದ್ರಾ?"

"ಹೌದು ಸ್ವಾಮಿ. ಆದ್ರೆ ಮುಟ್ಟಿಸಿದ್ದು ಇದಲ್ಲ. ಬಣ್ಣದ್ದು. ಮ್ಯಾಲೆ ಅಜೆಂಡಾ ಅಂತ ಅಚ್ಚಾಗಿ, ಒಳಗೆ ಗಂಟೆ ಇದ್ದಿದ್ದು."

"ಗಂಟೆ ಇದ್ದದ್ದಕ್ಕೆ ಅಜೆಂಡಾ ಅಂತ ಯಾಕೆ ಬರೆದ್ರಿ? ನಿಮಗೆ ವ್ಯತ್ಯಾಸ ಗೊತ್ತಿಲ್ವ?"

ಮಾವ ನನ್ನ ಕಡೆ ನೋಡಲಿಲ್ಲ. ನೋಡಿಬಿಡುತ್ತಾರೆ ಅಂತ ನಾನು ಹೆದರಿದ್ದೆ. "ಗೊತ್ತಿರಲಿಲ್ಲ ಸ್ವಾಮಿ," ಅಂದರು. ಮೂವತ್ತು ವರ್ಷ ಆ ಒಂದು ವ್ಯತ್ಯಾಸವನ್ನೇ ಹೊತ್ತು ನಾಲ್ಕು ಊರು ತಿರುಗಿದ ಮನುಷ್ಯ. ನಾನು ಹೇಳಿಕೊಟ್ಟೆ ಸರ್ ಅಂತ ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಫಲಿತಾಂಶ ಬದಲಾಗುತ್ತಿರಲಿಲ್ಲ ಅನ್ನುವ ವಾದವೂ ನನ್ನ ಹತ್ತಿರ ಇದೆ. ಆ ವಾದವನ್ನು ನಾನು ಇಲ್ಲಿಯವರೆಗೂ ಯಾರ ಮುಂದೆಯೂ ಮಂಡಿಸಿಲ್ಲ.

ಅರ್ಜಿ ವಜಾ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ನನ್ನ ಪಕ್ಕದಲ್ಲೇ ಕೂತರು. ಕಿಟಕಿಯ ಹೊರಗೆ ಕಟಾವಾದ ಮೆಕ್ಕೆಜೋಳದ ದಂಟು. ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿದರು.

"ನೀ ಹೇಳಿದ್ದು ಸರೀನೇ ಇತ್ತು ಕಣವ್ವ. ವಿಷಯ ಹೇಳದೆ ತೀರ್ಮಾನ ಮಾಡಬಾರದು. ಮಾಡಬಾರದ್ದನ್ನ ಮಾಡಾಕೆ ಆಗಲ್ಲ ಅಂತ ಅಂದ್ಕೊಂಡಿ. ಅಷ್ಟೇ."

"ಮಾವ, ಅವತ್ತು ಬುಕ್ಕಿನಲ್ಲಿ ನೀನು..."

"ಬಿಡು," ಅಂದರು. "ಬರೆದ ಕೈ ನಂದು."

ಆಮೇಲೆ ನಮ್ಮೂರಿನಲ್ಲಿ ಎಲ್ಲವೂ ಶೆಡ್ಯೂಲಿನ ಪ್ರಕಾರ ನಡೆಯಿತು. ಇಂಥ ದಿನ ಕಂಬ ಬಂದವು. ಇಂಥ ದಿನ ತಂತಿಬೇಲಿ. ಇಂಥ ದಿನ ಜೆಸಿಬಿ. ಒಂದು ದಿನವೂ ತಡವಾಗಲಿಲ್ಲ. ಬೇವಿನ ಮರ ಬಿದ್ದಾಗ ಮಾವ ನಮ್ಮ ಜಗಲಿಯ ಮೇಲೆ ಕೂತು, ಆ ಕಡೆಗೆ ಬೆನ್ನು ಮಾಡಿ, ಅವ್ವನಿಗೆ ಅವರೆಕಾಯಿ ಸುಲಿದು ಕೊಡುತ್ತಿದ್ದರು. ಸದ್ದು ಬಂದಾಗ ಕೈ ನಿಂತಿತು. ಮತ್ತೆ ಸುಲಿಯಲು ಶುರು ಮಾಡಿದರು. ಕೇರಿಗೆ ಬದಲಿ ಜಾಗ ಅಂತ ಗುಡ್ಡದ ಆಚೆ ಒಂದು ತುಂಡು ಕೊಟ್ಟರು. ಬರೀ ಕಲ್ಲು. ಅದನ್ನು ತಿಳಿಸುವ ನೋಟೀಸನ್ನೂ ಕೇರಿಗೆ ಹಂಚಿದ್ದು ಮಾವನೇ. ಅವರು ಕೆಲಸದಿಂದ ಬಿಡುಗಡೆಯಾಗುವ ಮುಂಚೆ ಹಂಚಿದ ಕೊನೆಯ ಕಾಗದ ಅದು.

ಹೋದ ವರ್ಷ ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದಾಗ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ಊರಿಗೆ ತಂದಾಗ ಬೆಳಗಿನ ಹತ್ತು ಗಂಟೆ. ಸ್ನಾನ ಮಾಡಿಸುವಾಗ ಮಗಳು ಆ ಹೆಬ್ಬೆರಳನ್ನು ಸೋಪು ಹಾಕಿ ತಿಕ್ಕುತ್ತಲೇ ಇದ್ದಳು. ಅವ್ವ ಅವಳ ಕೈ ಹಿಡಿದು, "ಬಿಡು ತಾಯಿ, ಅದು ಹೋಗಲ್ಲ" ಅಂದಳು. ಹುಡುಗರು ಕಸದ ಶೆಡ್ಡಿನ ಗೇಟಿನ ಬೀಗ ಒಡೆಯುತ್ತೇವೆ ಅಂತ ಹಾರೆ ತಂದಿದ್ದರು. ಮಗಳೇ ಬೇಡ ಅಂದಳು. ಒಡೆದು ಒಳಗೆ ಹೋದರೂ ಆ ನಾಲ್ಕು ಕಲ್ಲು ಎಲ್ಲಿದ್ದವು ಅಂತ ಗೊತ್ತಾಗುವ ಹಾಗಿರಲಿಲ್ಲ. ಎಲ್ಲ ಕಾಂಕ್ರೀಟು.

ಗುಡ್ಡದ ಆಚೆ ಗುಂಡಿ ತೋಡಲು ಸಂಜೆಯವರೆಗೆ ಹಿಡಿಯಿತು. ಸೊಂಟದಾಳ ಹೋಗುವಷ್ಟರಲ್ಲಿ ಮೂರು ಹಾರೆಯ ಮೂತಿ ಹೋಯಿತು. ಅಷ್ಟಕ್ಕೇ ಮಲಗಿಸಿ ಮೇಲೆ ಕಲ್ಲು ಪೇರಿಸಿದರು. ಅಷ್ಟು ದೊಡ್ಡ ಜಾಗದಲ್ಲಿ ಅವರೊಬ್ಬರೇ. ಹೆಂಡತಿ ಗುಡ್ಡದ ಈಚೆ, ನಾಲ್ಕೂರಿನ ಕಸದ ಕೆಳಗೆ.

ಶಕುನಗಳಲ್ಲಿ ನನಗೆ ಈಗಲೂ ನಂಬಿಕೆ ಇಲ್ಲ. ಆದರೆ ಹೋದ ಸೋಮವಾರ ನಮ್ಮ ಹಿತ್ತಲಿಗೆ ಹೋದಾಗ ಮಾವನ ಖಾಲಿ ಮನೆಯ ಗೋಡೆಯ ಮೇಲೆ ಸುಣ್ಣದ ಗುರುತು ಕಂಡಿತು. ಅದರ ಪಕ್ಕದ ಮನೆಗೂ ಇತ್ತು. ಆ ಸಾಲಿನ ಏಳು ಮನೆಗೂ ಇತ್ತು. ಯಾರು ಹಾಕಿದರು ಅಂತ ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಹೊಸ ಅಟೆಂಡರು ಬಂದ. ಅವ್ವನ ಅವಧಿ ಇನ್ನೂ ಮುಗಿದಿಲ್ಲ. ಎರಡು ಬಣ್ಣದ ಕಾಗದ. ಮೇಲೆ ದೊಡ್ಡದಾಗಿ ಅಜೆಂಡಾ. ನಾನು ಕೆಳಗಿನಿಂದ ಓದಿದೆ. ಒಂದು ಗಂಟೆ, ಊಟ. ಹನ್ನೆರಡು, ಸನ್ಮಾನ. ಹನ್ನೊಂದೂವರೆ, ಸಾಮಾನ್ಯ ಸಭೆ. ಹಿಂಬದಿ ಖಾಲಿ.

"ಬೇಗ ಒತ್ತಿಸ್ರಿ ಅಕ್ಕ, ಇನ್ನೂ ಹನ್ನೊಂದು ಮನೆ ಐತೆ," ಅಂತ ಅವನು ಉದ್ದನೆಯ ಪುಸ್ತಕ ಚಾಚಿದ. ಹೊಸ ಪುಟ. ಮೇಲ್ಗಡೆ ಇನ್ನೂ ಏನೂ ಬರೆದಿರಲಿಲ್ಲ.

ನಾನು ಅವನ ಪೆನ್ನು ಇಸಿದುಕೊಂಡು ಬರೆದೆ. ಆದಷ್ಟೂ ಗುಂಡಗೆ ಬರೆದೆ. ವೇಳಾಪಟ್ಟಿ ಮುಟ್ಟಿದೆ. ಅಜೆಂಡಾ ಮುಟ್ಟಿಲ್ಲ.

"ಹಿಂಗೆ ಬರೆಯಂಗಿಲ್ಲ ಅಕ್ಕ, ನನ್ನ ಬೈತಾರೆ."

"ಬೈದ್ರೆ ಬರೆದಾಕಿ ನಾನೇ ಅಂತ ಹೇಳು. ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೀನಿ."

ಅವ್ವನ ಹೆಬ್ಬೆರಳು ಹಿಡಿದು ಪ್ಯಾಡಿಗೆ ಒತ್ತಿದೆ. ಎಡದಿಂದ ಬಲಕ್ಕೆ, ಮೆಲ್ಲಗೆ ಹೊರಳಿಸಿದೆ. ಮಸಿ ನನ್ನ ಬೆರಳಿಗೂ ಹತ್ತಿತು.